ಗರ್ಭಪಾತ ತಡೆಗೆ ಹಾರ್ಮೋನ್ ಚಿಕಿತ್ಸೆ

ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭ ತಾನಾಗಿ ಹೋಗದಂತೆ ಹೊರಗಿನಿಂದ ಹಾರ್ಮೋನು ಕೊಡುವ ಚಿಕಿತ್ಸೆ ಇದು. ಈಗ ಬಳಕೆಯಲ್ಲಿರುವುದು ಮುಖ್ಯವಾಗಿ ಪ್ರೊಜೆಸ್ಟೆರಾನ್. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಕೋಶಿಕೆ ಕಾರ್ಪಸ್ ಲೂಟಿಯಂ ಎಂಬ ಹಳದಿ ಗ್ರಂಥಿಯಾಗಿ ಈ ಹಾರ್ಮೋನನ್ನು ಸ್ರವಿಸುತ್ತದೆ. ಗರ್ಭಕೋಶದ ಒಳಪೊರೆ ಭ್ರೂಣ ನೆಲೆಗೊಳ್ಳಲು ಸಜ್ಜಾಗುವುದೂ ಅದರ ಸ್ನಾಯು ಸಂಕುಚಿಸದೆ ಶಾಂತವಾಗಿರುವುದೂ ಇದರ ಬಲದಿಂದ. ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ 1929ರಲ್ಲಿ ಮೊಲಗಳಲ್ಲಿ ಇದನ್ನು ತೋರಿಸಿಕೊಟ್ಟರು. ಅಂಡಾಶಯ ತೆಗೆದ ಬಸುರಿ ಮೊಲಕ್ಕೆ ಹಳದಿ ಗ್ರಂಥಿಯ ಸಾರ ಚುಚ್ಚಿದರೆ ಗರ್ಭ ಉಳಿಯುತ್ತಿತ್ತು. ಮನುಷ್ಯರಲ್ಲಿ ಏಳರಿಂದ ಒಂಬತ್ತನೇ ವಾರದೊಳಗೆ ಈ ಹೊಣೆ ಮಾಸಿಗೆ ದಾಟುತ್ತದೆ.

ಗರ್ಭ ಹೋಗುವವರಲ್ಲಿ ಹಾರ್ಮೋನು ಕಡಿಮೆಯಿರುವುದು ಕಂಡಾಗ, ಅದನ್ನು ತುಂಬಿಕೊಟ್ಟರೆ ಗರ್ಭ ನಿಲ್ಲುತ್ತದೆ ಎಂದು ವೈದ್ಯರು ಭಾವಿಸಿದ್ದು ಸಹಜವೇ. ಆದರೆ ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಮೂಲ. ಅಂಥ ಗರ್ಭ ಕ್ಷೀಣಿಸತೊಡಗಿದ್ದರಿಂದ ಹಾರ್ಮೋನು ಇಳಿದಿರುತ್ತದೆಯೇ ಹೊರತು, ಹಾರ್ಮೋನು ಇಳಿದದ್ದರಿಂದ ಗರ್ಭ ಕ್ಷೀಣಿಸಿರುವುದಿಲ್ಲ.

ಈ ವ್ಯತ್ಯಾಸವನ್ನು ಗಮನಿಸದ್ದಕ್ಕೆ ಒಂದು ತಲೆಮಾರು ಬೆಲೆ ತೆತ್ತಿತು. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ (ಡಿಇಎಸ್) ಎಂಬ ಕೃತಕ ಈಸ್ಟ್ರೊಜೆನನ್ನು ತಯಾರಿಸಿದರು. ಅಗ್ಗದ ಔಷಧ, ಬಾಯಲ್ಲಿ ನುಂಗಬಹುದಾದ್ದು, ಪೇಟೆಂಟ್ ಇಲ್ಲದ್ದು. ಇದು ಮಾಸಿನಿಂದ ಹೆಚ್ಚು ಹಾರ್ಮೋನು ಹೊರಡಿಸುತ್ತದೆಂದು ಬಾಸ್ಟನ್ನಿನ ಜಾರ್ಜ್ ಮತ್ತು ಆಲಿವ್ ಸ್ಮಿತ್ ದಂಪತಿ ಪ್ರತಿಪಾದಿಸಿದರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೀಕ್‌ಮನ್ ತಂಡ 1,600ಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಕೆಲವರಿಗೆ ಡಿಇಎಸ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಿತು. ಪ್ರಯೋಜನವೇನೂ ಕಾಣಲಿಲ್ಲ. ಆದರೂ ಮುಂದಿನ 18 ವರ್ಷ ಮಾತ್ರೆ ಬರೆದುಕೊಡುವುದು ನಿಲ್ಲಲಿಲ್ಲ ಎಂಬುದು ವೈದ್ಯಶಾಸ್ತ್ರದ ಅತ್ಯಂತ ನೋವಿನ ಸಂಗತಿಗಳಲ್ಲೊಂದು.

ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅತ್ಯಪರೂಪವಾದ ಯೋನಿಯ ಕ್ಯಾನ್ಸರ್ ಕಾಣಿಸತೊಡಗಿದಾಗ, ತಾನು ಬಸುರಿನಲ್ಲಿ ನುಂಗಿದ ಮಾತ್ರೆ ಕಾರಣವಿರಬಹುದೇ ಎಂದು ಕೇಳಿದವಳು ಒಬ್ಬ ರೋಗಿಯ ತಾಯಿ. ಆರ್ಥರ್ ಹರ್ಬ್‌ಸ್ಟ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಂಟು ರೋಗಿಗಳ ಪೈಕಿ ಏಳು ಮಂದಿಯ ತಾಯಂದಿರು ಡಿಇಎಸ್ ತೆಗೆದುಕೊಂಡಿದ್ದರು. ಹೋಲಿಕೆಗೆ ಆಯ್ದ 32 ತಾಯಂದಿರಲ್ಲಿ ಒಬ್ಬರೂ ಇರಲಿಲ್ಲ. ಅದೇ ವರ್ಷ ಅಮೆರಿಕ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂದು ಎಚ್ಚರಿಸಿತು. ಡಿಇಎಸ್ ನುಂಗಿದ ತಾಯಂದಿರ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ತಗಲಿದ್ದು ಸುಮಾರು ಸಾವಿರಕ್ಕೆ ಒಬ್ಬರಿಗೆ. ಗರ್ಭಕೋಶದ ಆಕಾರ ಕೆಟ್ಟು ಬಂಜೆತನ, ಗರ್ಭಪಾತ, ಅವಧಿಪೂರ್ವ ಹೆರಿಗೆಗಳನ್ನು ಅನುಭವಿಸಿದ ಹೆಣ್ಣುಮಕ್ಕಳು ಅದಕ್ಕಿಂತ ಎಷ್ಟೋ ಹೆಚ್ಚು.

ಪ್ರೊಜೆಸ್ಟೆರಾನನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ್ದು ಈ ಶತಮಾನದಲ್ಲಿ. ಕಾರಣ ತಿಳಿಯದೆ ಪದೇ ಪದೇ ಗರ್ಭಪಾತವಾದ 836 ಮಹಿಳೆಯರ 2015ರ ಪ್ರಾಮಿಸ್ ಅಧ್ಯಯನದಲ್ಲಿ ಔಷಧ ಪಡೆದವರಲ್ಲಿ ಶೇ. 66, ಪಡೆಯದವರಲ್ಲಿ ಶೇ. 63 ಮಂದಿಗೆ ಜೀವಂತ ಮಗು ಹುಟ್ಟಿತು, ಗಣನೀಯ ಅಂತರವಲ್ಲ. ಬಸುರಿನ ಆರಂಭದಲ್ಲಿ ರಕ್ತಸ್ರಾವವಾದ 4,153 ಮಹಿಳೆಯರ 2019ರ ಪ್ರಿಸಮ್ ಅಧ್ಯಯನದಲ್ಲೂ ಒಟ್ಟಾರೆ ಅಂತರ ಅಷ್ಟೇ. ಆದರೆ ಅವರಲ್ಲಿ ಹಿಂದೆ ಮೂರು ಅಥವಾ ಹೆಚ್ಚು ಗರ್ಭಪಾತವಾದವರನ್ನು ಬೇರೆಯಾಗಿ ನೋಡಿದಾಗ ಶೇ. 72 ಮತ್ತು ಶೇ. 57 ಎಂಬ ಸ್ಪಷ್ಟ ಅಂತರ ಕಂಡಿತು. ಹೀಗಾಗಿ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತಸ್ರಾವವೂ ಇರುವವರಿಗೆ ದಿನಕ್ಕೆ ಎರಡು ಬಾರಿ 400 ಮಿಲಿಗ್ರಾಂ ಪ್ರೊಜೆಸ್ಟೆರಾನನ್ನು ಯೋನಿಯ ಮೂಲಕ ಕೊಡಬಹುದೆಂದಿತು. ಸ್ಕ್ಯಾನಿಂಗ್‌ನಲ್ಲಿ ಗರ್ಭ ಗರ್ಭಕೋಶದೊಳಗೇ ಇರುವುದು ಖಚಿತವಾಗಿರಬೇಕು. ಭ್ರೂಣದ ಹೃದಯಬಡಿತ ಕಂಡರೆ 16 ವಾರ ತುಂಬುವವರೆಗೆ ಮುಂದುವರಿಸಲಾಗುತ್ತದೆ. ಭಾರತದಲ್ಲಿ ಡೈಡ್ರೊಜೆಸ್ಟೆರಾನ್ ಮಾತ್ರೆಯೂ ಬಳಕೆಯಲ್ಲಿದೆ.