ಖಾಲಿ ಲಾಗ್‌ಬುಕ್: ವಿಮಾನ ನಿರ್ವಹಣಾ ಎಂಜಿನಿಯರರ ಮೊದಲ ಕೆಲಸದ ಪ್ರಶ್ನೆ

ವಿಮಾನ ನಿರ್ವಹಣಾ ಎಂಜಿನಿಯರಿಂಗ್ ಕೋರ್ಸು ಮುಗಿಸಿದ ಹುಡುಗನೊಬ್ಬನ ಲಾಗ್‌ಬುಕ್ಕನ್ನು ಈಚೆಗೆ ತಿರುವಿ ನೋಡಿದೆ. ದಿನಾಂಕ, ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ, ವಿಮಾನದ ಯಾವ ಭಾಗವೆಂದು ಸಂಖ್ಯೆಯಲ್ಲಿ ಹೇಳುವ ಎಟಿಎ ಅಧ್ಯಾಯ, ಮಾಡಿದ ಕೆಲಸ, ಕೊನೆಗೆ ಮೇಲ್ವಿಚಾರಕರ ಸಹಿ. ಮೊದಲ ಪುಟಗಳಲ್ಲಿ 32ನೇ ಅಧ್ಯಾಯವೇ ಹೆಚ್ಚು. ಎಂದರೆ ಲ್ಯಾಂಡಿಂಗ್ ಗೇರ್, ಅದರಲ್ಲೂ ಚಕ್ರ ಬದಲಿಸುವ ಕೆಲಸ. ತರಬೇತಿ ಮುಗಿದ ತಿಂಗಳಿಂದಾಚೆ ಒಂದು ಸಾಲೂ ಇಲ್ಲ. ಪೇಪರುಗಳನ್ನೆಲ್ಲ ಅವನು ಕ್ಲಿಯರ್ ಮಾಡಿಕೊಂಡಿದ್ದ. ಪುಟಗಳು ಖಾಲಿ ಉಳಿದದ್ದು ಅವನ ಸೋಮಾರಿತನದಿಂದಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಈ ವೃತ್ತಿಯ ಲೈಸೆನ್ಸನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಸಿಎಆರ್-66 ನಿಯಮದಡಿ ಕೊಡುತ್ತದೆ. ಯುರೋಪಿನ ಪಾರ್ಟ್-66 ಇದರ ಮಾದರಿ. ಟರ್ಬೈನ್ ವಿಮಾನಗಳ ಯಾಂತ್ರಿಕ ಭಾಗಕ್ಕೆ ಬಿ1.1, ಏವಿಯಾನಿಕ್ಸಿಗೆ ಬಿ2. ಪರೀಕ್ಷೆಯ ಪ್ರತಿ ಮಾಡ್ಯೂಲಿನಲ್ಲೂ ಪಾಸಾಗಲು ಶೇ. 75 ಅಂಕ ಬೇಕು. ಇಷ್ಟನ್ನು ಓದಿ ದಾಟಬಹುದು. ಇದರ ಮೇಲೆ, ಮಾನ್ಯತೆ ಪಡೆದ ಸಿಎಆರ್-147 ತರಬೇತಿ ಸಂಸ್ಥೆಯಲ್ಲಿ ಕಲಿತವರೂ ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷ ಕೈಯಾರೆ ಕೆಲಸ ಮಾಡಿದ ದಾಖಲೆ ತೋರಿಸಬೇಕು. ಕೆಲಸ ಸಿಗಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಹಳೆಯ ಗಾದೆ ಈ ನಿಯಮಾವಳಿಗೆ ಸರಿಯಾಗಿ ಒಪ್ಪುತ್ತದೆ.

ಲೈಸೆನ್ಸ್ ಕೈಗೆ ಬಂದಮೇಲೂ ಮುಗಿಯಲಿಲ್ಲ. ವಿಮಾನ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕಲು ಎ320, ಎಟಿಆರ್ 72 ಹೀಗೆ ಆಯಾ ಮಾದರಿಯ ಟೈಪ್ ರೇಟಿಂಗ್ ಬೇಕು. ಅದರ ಮೇಲೆ ಸಿಎಆರ್-145 ಮಾನ್ಯತೆಯಿರುವ ನಿರ್ವಹಣಾ ಕಂಪನಿ ತನ್ನ ಅಧಿಕಾರಪತ್ರವನ್ನೂ ಕೊಡಬೇಕು. ದೇಶದಲ್ಲಿ ಎಂಜಿನಿಯರುಗಳ ಕೊರತೆಯಿದೆ ಎಂದು ಉದ್ಯಮ ಹೇಳುತ್ತಲೇ ಬಂದಿದೆ. ಆ ಮಾತು ಸುಳ್ಳಲ್ಲ. ಆದರೆ ಅದು ಹೇಳುವ ಕೊರತೆ ಸಹಿ ಹಾಕಬಲ್ಲವರದ್ದು. ಸ್ಪ್ಯಾನರ್ ಹಿಡಿಯಬಲ್ಲವರು ಬಾಗಿಲಾಚೆ ಸಾಲಾಗಿ ನಿಂತಿದ್ದಾರೆ. ಎರಡೂ ಸಂಗತಿಗಳು ಒಟ್ಟಿಗೆ ನಿಜವಾಗಿರುವುದರಿಂದಲೇ ಪಾಲಕರಿಗೆ ಗೊಂದಲ. ಮಗ ಎಂಜಿನಿಯರು ಎಂದು ನೆಂಟರಿಗೆ ಹೇಳಿ, ಹಾಗಾದರೆ ಬಿಇ ಯಾವ ಕಾಲೇಜಿನಲ್ಲಿ ಎಂಬ ಪ್ರಶ್ನೆಗೆ ತಡವರಿಸುವ ಅಪ್ಪಂದಿರ ಪಾಡು ಬೇರೆಯದೇ.

ಟೈಪ್ ರೇಟಿಂಗಿನ ಖರ್ಚು ಯಾರದು? 1964ರ ತಮ್ಮ ‘ಹ್ಯೂಮನ್ ಕ್ಯಾಪಿಟಲ್’ ಕೃತಿಯಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಸಾಮಾನ್ಯ ತರಬೇತಿ ಮತ್ತು ಸಂಸ್ಥೆಗಷ್ಟೇ ಸೀಮಿತವಾದ ತರಬೇತಿಯನ್ನು ಬೇರೆ ಮಾಡಿ ನೋಡಿದರು. ಬೇರೆ ಕಡೆಯೂ ಬೆಲೆ ಬರುವ ವಿದ್ಯೆಗೆ ಮಾಲೀಕ ದುಡ್ಡು ಹಾಕಲಾರ, ಕಲಿತವನು ನಾಳೆಯೇ ಪಕ್ಕದ ಕಂಪನಿಗೆ ಹೋದಾನು. ಎ320 ರೇಟಿಂಗ್ ಇಂಥ ವಿದ್ಯೆ. ಆ ವಿಮಾನ ಭಾರತದ ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ಇಳಿಯುತ್ತದೆ. ಹಾಗಾಗಿ ಕಂಪನಿ ಕೊಟ್ಟರೆ ಬಾಂಡ್ ಬರೆಸಿಕೊಂಡು ಕೊಡುತ್ತದೆ, ಇಲ್ಲವಾದರೆ ಹುಡುಗನ ಮನೆಯವರೇ ಲಕ್ಷಗಳ ಲೆಕ್ಕದಲ್ಲಿ ಹೊಂದಿಸಬೇಕು.

ಮುಚ್ಚಿಹೋದ ವಿಮಾನ ಸಂಸ್ಥೆಗಳು ಹೊಸಬರ ದಾರಿಯನ್ನು ಇನ್ನಷ್ಟು ಬಿಗಿ ಮಾಡಿದವು. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು. ಗೋ ಫಸ್ಟ್ 2023ರ ಮೇನಲ್ಲಿ. ಪ್ರತಿ ಸಲವೂ ರೇಟಿಂಗ್ ಇದ್ದ, ಕೈ ಪಳಗಿದ ಜನ ಮಾರುಕಟ್ಟೆಗೆ ಬಂದರು. ಇಲ್ಲಿ ನಿಯಮದ ಒಂದು ಸಣ್ಣ ಕಲಮು ಗಮನಾರ್ಹ: ಸಹಿ ಹಾಕುವ ಹಕ್ಕು ಚಲಾಯಿಸಬೇಕಾದರೆ ಹಿಂದಿನ ಎರಡು ವರ್ಷಗಳಲ್ಲಿ ಆರು ತಿಂಗಳಾದರೂ ನಿರ್ವಹಣೆಯ ಅನುಭವ ಇರಬೇಕು. ಕೆಲಸ ಹೋದ ಸೀನಿಯರಿಗೆ ಸುಮ್ಮನೆ ಕೂರುವ ಅವಕಾಶವಿಲ್ಲ, ಅವನು ಟೆಕ್ನಿಷಿಯನ್ ಹುದ್ದೆಗಾದರೂ ಇಳಿದಾನು. ಹಾಗೆ ಇಳಿದಾಗ ಹೊಸಬ ಕಾಲಿಡಬೇಕಿದ್ದ ಮೊದಲ ಮೆಟ್ಟಿಲು ತುಂಬಿಹೋಗುತ್ತದೆ.

ಹಾಗಾದರೆ 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ ಪ್ರಕಟಿಸಿದ 470 ವಿಮಾನಗಳ ಆರ್ಡರು, ಅದೇ ವರ್ಷದ ಜೂನಿನಲ್ಲಿ ಇಂಡಿಗೋ ಹೇಳಿದ 500ರದ್ದು? ಪತ್ರಿಕೆಗಳು ಇದನ್ನು ಉದ್ಯೋಗದ ಮಳೆಯೆಂದು ಬರೆದವು. ನನಗೆ ಅಷ್ಟು ನಂಬಿಕೆ ಬರುವುದಿಲ್ಲ. ನಿರ್ವಹಣೆಯಲ್ಲಿ ಎರಡು ಲೋಕಗಳಿವೆ. ಒಂದು ಲೈನ್: ವಿಮಾನ ಇಳಿದು ಮತ್ತೆ ಏರುವ ನಡುವಿನ ಅವಸರದ ತಪಾಸಣೆ. ಟಾರ್ಚ್ ಹಿಡಿದು ಸುತ್ತು ಹಾಕು, ಟೈರು ನೋಡು, ಆಯಿಲ್ ನೋಡು, ಸಹಿ ಹಾಕು. ಕಲಿಸುವುದಕ್ಕೆ ಅಲ್ಲಿ ಪುರುಸೊತ್ತಿಲ್ಲ. ಇನ್ನೊಂದು ಹ್ಯಾಂಗರಿನ ಭಾರೀ ತಪಾಸಣೆ: ಸೀಟು, ನೆಲಹಲಗೆ, ಪ್ಯಾನೆಲುಗಳನ್ನೆಲ್ಲ ಬಿಚ್ಚಿ ತುಕ್ಕು, ಬಿರುಕು ಹುಡುಕುತ್ತ ವಾರಗಟ್ಟಲೆ ನಡೆಯುವ ಕೆಲಸ. ಸಹಿಯ ಅಧಿಕಾರವಿಲ್ಲದ ಹತ್ತಾರು ಕೈಗಳು ಬೇಕಾಗುವುದು, ಕಸುಬು ಕೈಗೆ ಹತ್ತುವುದು ಇಲ್ಲಿ. ಹೊಸ ವಿಮಾನಕ್ಕೆ ಮೊದಲ ಕೆಲವು ವರ್ಷ ಇಂಥ ತಪಾಸಣೆಯ ಹೊರೆ ಕಡಿಮೆ. ಅಲ್ಪಾವಧಿ ಗುತ್ತಿಗೆಯದಾದರೆ ಹೊರೆ ಹೆಚ್ಚುವ ಮೊದಲೇ ಅದು ಮಾಲೀಕನ ಬಳಿಗೆ ವಾಪಸಾಗಬಹುದು. ಉಳಿದವುಗಳಲ್ಲೂ ಬಹಳಷ್ಟು ಭಾರೀ ತಪಾಸಣೆಗಾಗಿ ಸಿಂಗಪುರ, ಶ್ರೀಲಂಕಾಗಳಿಗೆ ಹೋಗುತ್ತಿದ್ದವು. ಇಲ್ಲಿ ದುರಸ್ತಿ ಸೇವೆಯ ಮೇಲೆ ಶೇ. 18 ಜಿಎಸ್‌ಟಿ ಇತ್ತು, ಅದು ಶೇ. 5ಕ್ಕೆ ಇಳಿದದ್ದು 2020ರ ಏಪ್ರಿಲ್‌ನಲ್ಲಿ. ವಿಮಾನದ ಜೊತೆಗೆ ನಮ್ಮ ಹುಡುಗರ ಪಾಠಶಾಲೆಯೂ ಹೊರದೇಶಕ್ಕೆ ಹೋಗುತ್ತಿತ್ತು ಎಂಬುದು ತೆರಿಗೆಯ ಚರ್ಚೆಯಲ್ಲಿ ಬರಲೇ ಇಲ್ಲ.

ಇಂಥ ಕೆಲಸ ನಮ್ಮಲ್ಲೇ ನಡೆದದ್ದೂ ಉಂಟು. 1940ರಲ್ಲಿ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುಮಾಡಿದ ಮೇಲೆ ಎರಡನೆಯ ಮಹಾಯುದ್ಧದ ಮಿತ್ರಪಡೆಗಳ ವಿಮಾನಗಳು ಅಲ್ಲಿ ದುರಸ್ತಿಯಾದವು. ಕಸುಬು ಈ ಊರಿಗೆ ಹೊಸದಲ್ಲ. ಈಗ ದೇವನಹಳ್ಳಿಯ ನಿಲ್ದಾಣದಲ್ಲಿ ಏರ್ ಇಂಡಿಯಾ ದೊಡ್ಡ ನಿರ್ವಹಣಾ ಕೇಂದ್ರ ಕಟ್ಟಿಸುತ್ತಿದೆ, ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಅದರ ಸಹಭಾಗಿ. ನನ್ನ ದೃಷ್ಟಿಯಲ್ಲಿ ವಿಮಾನಗಳ ಆರ್ಡರಿಗಿಂತ ಹೊಸಬರ ಪಾಲಿಗೆ ಇದು ಮುಖ್ಯ ಸುದ್ದಿ. ಆದರೆ ಹ್ಯಾಂಗರ್ ಇದ್ದಮಾತ್ರಕ್ಕೆ ಹೊಸಬರಿಗೆ ಜಾಗ ಸಿಗದು. ಜಿಎಸ್‌ಟಿ ಇಳಿಸಿದಾಗ ಸರ್ಕಾರ, ಇಷ್ಟು ಹೊಸಬರಿಗೆ ಎರಡು ವರ್ಷದ ಅನುಭವ ಕೊಡಬೇಕು ಎಂಬ ಷರತ್ತನ್ನು ಜೋಡಿಸಲಿಲ್ಲ. ಜೋಡಿಸಬಹುದಿತ್ತು.

ಆ ಹುಡುಗ ಸದ್ಯ ಒಂದು ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡುತ್ತಿದ್ದಾನೆ. ಎ320ರ ಹೊಟ್ಟೆಯಡಿ ನಿಂತು ಸೂಟ್‌ಕೇಸುಗಳನ್ನು ಬೆಲ್ಟಿಗೆ ಎತ್ತಿಡುವ ಕೆಲಸ. ಹತ್ತು ಹೆಜ್ಜೆ ಆಚೆ ಲೈನ್ ಎಂಜಿನಿಯರು ಚಕ್ರ ನೋಡುತ್ತಿರುತ್ತಾರೆ. “ಸರ್, ಟೈರು ಸವೆದದ್ದು ನನಗೂ ಕಾಣಿಸುತ್ತೆ,” ಎಂದ. ಲಾಗ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮತ್ತೆ ಬ್ಯಾಗಿಗೆ ಹಾಕಿಕೊಂಡ.