ಕಡಬದ ಹಳ್ಳದಲ್ಲಿ ಕಪ್ಪು ಮರಳು

ಜೋರಾದ ಮಳೆ ಬಂದು ಹೋದ ಮಾರನೆಯ ದಿನ ಗುಬ್ಬಿ ತಾಲ್ಲೂಕಿನ ಕಡಬದ ಸುತ್ತಮುತ್ತ ಯಾವುದಾದರೂ ಹಳ್ಳದ ದಂಡೆಯಲ್ಲಿ ನಡೆದು ನೋಡಿ. ತಿಳಿ ಬಣ್ಣದ ಮರಳಿನ ಮೇಲೆ ಕಾಡಿಗೆ ತೀಡಿದಂತೆ ಕಪ್ಪು ಗೆರೆಗಳು ಕಾಣುತ್ತವೆ. ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಕಪ್ಪು ಕಣಗಳು ಮುಳ್ಳಿನಂತೆ ಎದ್ದು ಅಂಟಿಕೊಳ್ಳುತ್ತವೆ.

ಕಪ್ಪು ಮರಳು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ವಿದ್ಯಾರ್ಥಿಗಳು ತಟ್ಟನೆ 'ಜ್ವಾಲಾಮುಖಿಯಿಂದ' ಎನ್ನುತ್ತಾರೆ. ಹವಾಯಿ ದ್ವೀಪದ ಚಿತ್ರಗಳ ಪ್ರಭಾವ ಅದು. ಉತ್ತರ ತಪ್ಪೇನಲ್ಲ. ಅಲ್ಲಿ ಕುದಿಯುವ ಲಾವಾ ಸಮುದ್ರಕ್ಕೆ ಬಿದ್ದೊಡನೆ ಸಿಡಿದು ಗಾಜಿನಂಥ ಕಪ್ಪು ಹರಳುಗಳಾಗುತ್ತದೆ. ಕಲಪನ ಎಂಬ ಕಡಲಂಚಿನ ಹಳ್ಳಿಯ ಪಕ್ಕದಲ್ಲಿ ಕೈಮೂ ಎಂಬ ಹೆಸರಾಂತ ಕಪ್ಪು ಮರಳಿನ ತೀರವಿತ್ತು. 1990ರಲ್ಲಿ ಕಿಲಾವೆಯಾ ಜ್ವಾಲಾಮುಖಿಯ ಲಾವಾ ಹಳ್ಳಿಯನ್ನೂ ತೀರವನ್ನೂ ಮುಚ್ಚಿಹಾಕಿತು. ಮರಳನ್ನು ಕೊಟ್ಟ ಬೆಟ್ಟವೇ ಅದನ್ನು ನುಂಗಿತು!

ಆದರೆ ನಮ್ಮ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳನ್ನು ನೋಡಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಐತಿಹ್ಯವಿದೆ. ಲಾವಾ ತಣಿದು ಕುಗ್ಗುವಾಗ ಸೀಳಿ ರೂಪುಗೊಂಡ ಬಹುಭುಜಾಕೃತಿಯ ಕಂಬಗಳು ಇಲ್ಲಿ ಸಾಲಾಗಿ ನಿಂತಿವೆ. ಹಿಂದೆ ಇದನ್ನು ದಖನ್ ಲಾವಾದ ತುಣುಕೆಂದು ಎಣಿಸಿದವರಿದ್ದರು. ಆರ್ಗಾನ್ ವಿಧಾನದ ಕಾಲನಿರ್ಣಯ 2001ರಲ್ಲಿ ಪ್ರಕಟವಾದಾಗ ವಯಸ್ಸು ಸುಮಾರು 8.5 ಕೋಟಿ ವರ್ಷವೆಂದು ತಿಳಿಯಿತು. ದಖನ್ ಲಾವಾದ ವಯಸ್ಸು ಸುಮಾರು 6.6 ಕೋಟಿ ವರ್ಷ. ಹಾಗಾಗಿ ಇದು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಗುರುತು. ಇಷ್ಟೆಲ್ಲ ಇದ್ದರೂ ಅಲ್ಲಿನ ತೀರ ಕಪ್ಪಲ್ಲ! ಆ ಶಿಲೆಯಲ್ಲಿ ಸಿಲಿಕ ಹೆಚ್ಚು, ಕಬ್ಬಿಣ ಕಡಿಮೆ; ತೀರದಲ್ಲಿರುವುದು ಬಹುಪಾಲು ಚಿಪ್ಪುಗಳು ಮತ್ತು ಅವುಗಳ ಚೂರು. ಕಾರವಾರದ ಆಚೆ, ಮಾಜಾಳಿಯ ಬಳಿಯ ತಿಳಮಾತಿಯಲ್ಲಾದರೋ ಎಳ್ಳಿನಂಥ ಕಪ್ಪು ಮರಳು ಇದೆ. ಹೆಸರೇ ಎಳ್ಳಿನಿಂದ ಬಂದದ್ದು. ಅಲ್ಲಿ ಹೊಗೆಯುಗುಳುವ ಬೆಟ್ಟವೇನೂ ಇಲ್ಲ.

ಬಣ್ಣ ನೋಡಿ ಹುಟ್ಟು ಹೇಳಲಾಗದು ಎಂದಾಯಿತಲ್ಲ. ಕಡಬದ ಹಳ್ಳಕ್ಕೆ ಮರಳೋಣ. ಇಲ್ಲಿನ ಕಣಗಳಲ್ಲಿ ಮುಖ್ಯವಾದದ್ದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಬಂಡೆ ಶಿಥಿಲವಾದಾಗ ಬಿಡುಗಡೆಯಾಗುವ ಇದರ ಸಾಂದ್ರತೆ 5.2, ಬೆಣಚುಕಲ್ಲಿನದು 2.65. ಹರಿವ ನೀರು ಹಗುರವಾದದ್ದನ್ನು ಮುಂದೆ ಒಯ್ದು ಭಾರವಾದದ್ದನ್ನು ಬಿಟ್ಟುಹೋಗುತ್ತದೆ. ಮೊರದಲ್ಲಿ ಕೇರಿದಂತೆಯೇ.

ಈ ಕೇರುವಿಕೆಯನ್ನು ನಮ್ಮವರು ಬಹಳ ಹಿಂದೆಯೇ ಬಳಸಿಕೊಂಡಿದ್ದರು. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದ. ಮಳೆಗಾಲದ ತೊರೆಗಳು ತಂದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದನ್ನು ಮಧುಗಿರಿ, ಚನ್ನರಾಯನದುರ್ಗಗಳ ಕಡೆ ಕಂಡು ಬರೆದಿಟ್ಟ. 1807ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಮಣ್ಣಿನ ಕುಲುಮೆ, ಇದ್ದಿಲು, ತೊಗಲಿನ ತಿದಿ. ಕಬ್ಬಿಣ ಕರಗಿ ಹರಿಯುವಷ್ಟು ಶಾಖ ಅದರಲ್ಲಿ ಹುಟ್ಟುತ್ತಿರಲಿಲ್ಲ. ಮೆದುವಾದ ಮುದ್ದೆ ಸಿಗುತ್ತಿತ್ತು, ಅದನ್ನು ಬಡಿದು ಕಿಟ್ಟ ಬೇರ್ಪಡಿಸಬೇಕು. ಉಕ್ಕು ಬೇಕಾದರೆ ಆ ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿಯೊಡನೆ ಪುಟ್ಟ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ ಕಾಯಿಸುತ್ತಿದ್ದರು. ಕಡ್ಡಿ ಇದ್ದಿಲಾಗಿ ಕಾರ್ಬನ್ ಒದಗಿಸುತ್ತಿತ್ತು. ಇಂದಿನ ಪಠ್ಯಪುಸ್ತಕ ಹೇಳುವ ರಸಾಯನ ವಿಜ್ಞಾನವೂ ಇದೇ. ಅವರಿಗೆ ಕಾರ್ಬನ್ನಿನ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದು ಕುಲುಮೆಗಳು ಆರಿದವು.

ಇನ್ನೊಂದು ಮಾತು. ಕಡಬದ ವಾಯವ್ಯಕ್ಕಿರುವ ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು ಚಿತ್ರದುರ್ಗ ಶಿಲಾಪಟ್ಟಿಯ ಭಾಗ. ಅದೇ ಪಟ್ಟಿಯಲ್ಲಿ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಇದೆ. ನೀರಿನಡಿ ಉಕ್ಕಿದ ಲಾವಾ ಮಾತ್ರ ಹೀಗೆ ದಿಂಬುಗಳಂತೆ ಗಟ್ಟಿಯಾಗುತ್ತದೆ. ಅಂದರೆ 250 ಕೋಟಿ ವರ್ಷಗಳಿಗೂ ಹಿಂದೆ ಈ ಬಯಲುಸೀಮೆಯಲ್ಲಿ ಸಮುದ್ರವೂ ಇತ್ತು, ಜ್ವಾಲಾಮುಖಿಯೂ ಇತ್ತು. ವಿದ್ಯಾರ್ಥಿಯ ಆ ತಟ್ಟನೆಯ ಉತ್ತರವನ್ನು ಪೂರ್ತಿ ಹೊಡೆದುಹಾಕುವ ಮುನ್ನ ಇದು ನೆನಪಿರಲಿ.

ಹೊಲದ ಬದುವಿನಲ್ಲಿ ತೂತುತೂತಾದ, ಭಾರವಾದ ಕರಿಯ ಕಿಟ್ಟದ ತುಂಡು ಸಿಕ್ಕರೆ ಎತ್ತಿ ಶಾಲೆಗೆ ತನ್ನಿ. ಸಿಕ್ಕ ಜಾಗ, ದಿನಾಂಕ ಬರೆದಿಡಿ. ಕಿಟ್ಟದ ದಿಬ್ಬಗಳು ಟ್ರ್ಯಾಕ್ಟರಿಗೂ ರಸ್ತೆಯ ತುಂಬುಮಣ್ಣಿಗೂ ಸುಲಭವಾಗಿ ಬಲಿಯಾಗುತ್ತವೆ.