ಬೆಂಕಿಕಡ್ಡಿ ನೆನೆದರೆ ಏನು ಮಾಡುವುದು? ಚಾರಣಿಗರಿಗೆ ಬೆಂಕಿ ಹೊತ್ತಿಸುವ ಬೇರೆ ದಾರಿಗಳು

ಮಳೆಗಾಲದಲ್ಲಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಮುಂಬೈ, ಪುಣೆಯ ಚಾರಣಿಗರಿಗೆ ಇದು ಗೊತ್ತಿರುವ ಪಾಡು. ಚೀಲದಲ್ಲಿನ ಬೆಂಕಿಪೊಟ್ಟಣ ಒಮ್ಮೆ ನೆನೆದರೆ ಮುಗಿಯಿತು. ಒದ್ದೆ ಬಟ್ಟೆಯಲ್ಲೇ ಚಳಿಗಾಳಿಗೆ ಸಿಕ್ಕಿ ದೇಹದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಅಂಥ ಹೊತ್ತಿಗೆ ನೆರವಾಗುವ ಕೆಲವು ವಿಧಾನಗಳು ಇಲ್ಲಿವೆ.

ಫೆರೋ ಕಡ್ಡಿ

ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಫೆರೋಸೀರಿಯಂ ಎಂಬ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದರು. ಲೈಟರಿನಲ್ಲಿರುವ 'ಕಲ್ಲು' ಇದೇ. ಈ ಲೋಹದ ಕಡ್ಡಿಯನ್ನು ಚಾಕುವಿನ ಬೆನ್ನಿನಿಂದ ಬಲವಾಗಿ ಕೆರೆದರೆ ಸುಡುವ ಕಿಡಿಗಳು ಉದುರುತ್ತವೆ. ನೆನೆದಿದ್ದರೂ ಒರೆಸಿ ಬಳಸಬಹುದು ಎಂಬುದೇ ಇದರ ದೊಡ್ಡ ಗುಣ.

ಬ್ಯಾಟರಿ ಮತ್ತು ಸ್ಟೀಲ್ ವೂಲ್

9 ವೋಲ್ಟ್ ಬ್ಯಾಟರಿಯ ಎರಡು ತುದಿಗಳನ್ನು ಸ್ಟೀಲ್ ವೂಲ್‌ಗೆ ತಾಗಿಸಿದರೆ ಎಳೆಗಳು ಕೆಂಪಗೆ ಕಾದು ಹೊತ್ತಿಕೊಳ್ಳುತ್ತವೆ. ಪಾತ್ರೆ ಉಜ್ಜುವ ದಪ್ಪ ಸ್ಕ್ರಬ್ಬರ್ ಇದಕ್ಕೆ ಆಗದು. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಕೆಲಸಕ್ಕೆ ಸಿಗುವ, ಕೂದಲಿನಷ್ಟು ಸಣ್ಣ ಎಳೆಯದೇ ಬೇಕು. ಇವೆರಡನ್ನೂ ಚೀಲದ ಒಂದೇ ಖಾನೆಯಲ್ಲಿ ಇಡಬೇಡಿ. ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು.

ಬಿಸಿಲಿನಿಂದ ಬೆಂಕಿ

ಭೂತಗನ್ನಡಿಯ ಕೆಲಸವನ್ನು ನೀರು ತುಂಬಿದ ದುಂಡನೆಯ ಪಾರದರ್ಶಕ ಬಾಟಲಿಯೂ ಮಾಡಬಲ್ಲದು. ತಂಪು ಪಾನೀಯದ ಕ್ಯಾನಿನ ತಳ ಒಳಕ್ಕೆ ಬಾಗಿರುತ್ತದೆ. ಅದನ್ನು ಟೂತ್‌ಪೇಸ್ಟ್ ಹಚ್ಚಿ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದರೆ ಬಿಸಿಲನ್ನು ಒಂದೇ ಬಿಂದುವಿಗೆ ಸೇರಿಸುತ್ತದೆ. ಆದರೆ ಇವೆಲ್ಲ ನಡೆಯುವುದು ನೆತ್ತಿ ಸುಡುವ ಬಿಸಿಲಿನಲ್ಲಿ ಮಾತ್ರ. ಮೋಡವಿದ್ದರೆ ಪ್ರಯೋಜನವಿಲ್ಲ.

ಗಾಳಿ ಒತ್ತಿ ಕೆಂಡ

ಆಗ್ನೇಯ ಏಷ್ಯಾದ ಜನ ಬಿದಿರು, ಮರ, ಕೊಂಬಿನಿಂದ ಮಾಡಿದ ಕೊಳವೆಯೊಳಗೆ ಕೊರಡನ್ನು ಥಟ್ಟನೆ ಒತ್ತಿ ಬೆಂಕಿ ಪಡೆಯುತ್ತಿದ್ದರು. ಗಾಳಿ ಒಮ್ಮೆಲೇ ಕುಗ್ಗಿ ಕಾದಾಗ ತುದಿಯಲ್ಲಿಟ್ಟ ಒಣ ನಾರು ಕೆಂಡವಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಇಂಧನ ಹೊತ್ತಿಕೊಳ್ಳುವುದೂ ಇದೇ ತತ್ವದಿಂದ.

ಅರಣಿಯ ಪಾಠ

ಯಜ್ಞಕ್ಕೆ ಅರಣಿ ಕಡೆದು ಅಗ್ನಿ ಪಡೆಯುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಮರಕ್ಕೆ ಮರ ತಿಕ್ಕಿದ ಕೂಡಲೇ ಜ್ವಾಲೆ ಬರುವುದಿಲ್ಲ. ಮೊದಲು ಉದುರುವುದು ಕಪ್ಪು ಪುಡಿ. ಅದು ಕೆಂಡವಾದ ಮೇಲೆ ತೆಂಗಿನ ನಾರಿನ ಗೂಡಿನಲ್ಲಿಟ್ಟು ಮೆಲ್ಲನೆ ಊದಬೇಕು. ಮರ ಪೂರ್ತಿ ಒಣಗಿರಬೇಕು, ರಟ್ಟೆಯಲ್ಲಿ ಬಲವೂ ಇರಬೇಕು. ಮನೆಯಲ್ಲಿ ಅಭ್ಯಾಸ ಮಾಡದೆ ಕಾಡಿನಲ್ಲಿ ಇದನ್ನೇ ನಂಬಿ ಕೂರುವುದು ಜಾಣತನವಲ್ಲ.

ಕಿಡಿಗಿಂತ ಮುಖ್ಯ ಪುರಳೆ

ಕಿಡಿ ಹಾರಿದರೂ ಹಿಡಿದುಕೊಳ್ಳಲು ಒಣ ವಸ್ತು ಬೇಕು. ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿ ಕೆಲವು ನಿಮಿಷ ಉರಿಯುತ್ತದೆ. ಪೂಜೆಯ ಕರ್ಪೂರವೂ ಸುಲಭವಾಗಿ ಹತ್ತಿಕೊಳ್ಳುತ್ತದೆ. ಅದು ಗಾಳಿಗೆ ಕರಗಿಹೋಗುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸೈಕಲ್ ಟ್ಯೂಬಿನ ತುಂಡು ಜಿನುಗು ಮಳೆಯಲ್ಲೂ ಉರಿಯುತ್ತದೆ. ಅದರ ಹೊಗೆ ಕೆಟ್ಟದ್ದು, ಅಡುಗೆಗೆ ಸಲ್ಲದು.

ಎಚ್ಚರಿಕೆ

2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿಯಿತು. ವನ್ಯಜೀವಿಧಾಮಕ್ಕೆ ಅಪಾಯ ತರುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ಅನುಮತಿ ಇರುವ ಜಾಗದಲ್ಲಿ, ಸುತ್ತಲಿನ ತರಗೆಲೆ ಗುಡಿಸಿ, ನೀರು ಪಕ್ಕದಲ್ಲಿಟ್ಟುಕೊಂಡೇ ಬೆಂಕಿ ಮಾಡಿ. ಹೊರಡುವ ಮುನ್ನ ನೀರು ಸುರಿದು, ಬೂದಿ ಕೆದಕಿ, ಅಂಗೈ ಹತ್ತಿರ ತಂದು ನೋಡಿ. ಬಿಸಿ ತಾಗಿದರೆ ಇನ್ನಷ್ಟು ನೀರು ಹಾಕಿ. ಪೂರ್ತಿ ತಣ್ಣಗಾಗುವವರೆಗೆ ಜಾಗ ಬಿಡಬೇಡಿ.